ಪಾಪ ಮಾಡಿದವರು ಯಾರು?



ತಪಸ್ಸುಕಾಲದಲ್ಲಿ ನಾವು ಕೇಳುವ ಶುಭಸಂದೇಶಗಳಲ್ಲಿ ಹುಟ್ಟುಕುರುಡನ ಪ್ರಸಂಗವೂ ಒಂದು (ಯೊವಾನ್ನ 9). ಅವನನ್ನು ಕಂಡೊಡನೆ ಶಿಷ್ಯರಿಗೆ ತಿಳಿಯಬೇಕಾಗಿದ್ದದ್ದು ಒಂದೇ: ಈ ಕುರುಡುತನಕ್ಕೆ ಅವನ ಪಾಪ ಕಾರಣವೋ, ಹೆತ್ತವರ ಪಾಪ ಕಾರಣವೋ? ಯೇಸುಸ್ವಾಮಿ ಎರಡನ್ನೂ ತಳ್ಳಿಹಾಕಿದರು. ಬಳಿಕ ನೆಲಕ್ಕೆ ಉಗುಳಿ, ಮಣ್ಣು ಕಲಸಿ, ಅವನ ಕಣ್ಣಿಗೆ ಹಚ್ಚಿ, ಸಿಲೊವಾಂ ಕೊಳದಲ್ಲಿ ತೊಳೆದುಕೊಳ್ಳಲು ಕಳುಹಿಸಿದರು.

ಶಿಷ್ಯರ ಆ ಪ್ರಶ್ನೆಯನ್ನು ನಮ್ಮ ಕಾಸರಗೋಡಿನ ಜನರೂ ಬಹಳ ವರ್ಷ ಕೇಳಿದ್ದಾರೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಕಡೆಯ ಗೇರುತೋಟಗಳ ಸುತ್ತ ನಡೆಯಲಾರದ, ಮಾತು ಬಾರದ ಮಕ್ಕಳು ಒಂದಾದ ಮೇಲೊಂದು ಮನೆಯಲ್ಲಿ ಹುಟ್ಟಿದಾಗ ದೈವದ ಮುನಿಸು ಎಂದವರಿದ್ದರು, ಹಿಂದಿನವರ ಕರ್ಮ ಎಂದವರಿದ್ದರು. ದೇವರ ಶಿಕ್ಷೆ ಎಂಬ ಮಾತು ನಮ್ಮ ಬಾಯಿಗೂ ಸುಲಭವಾಗಿ ಬರುತ್ತದೆ. ಹೆತ್ತ ತಾಯಿ ಮಗುವನ್ನು ಎತ್ತಿಕೊಂಡದ್ದಲ್ಲದೆ ಈ ಮಾತಿನ ಭಾರವನ್ನೂ ಹೊರಬೇಕಾಯಿತು.

ಆ ತೋಟಗಳ ಮೇಲೆ ಆಕಾಶದಿಂದ ಬೀಳುತ್ತಿದ್ದುದು ಎಂಡೋಸಲ್ಫಾನ್. ಗೇರಿನ ಚಿಗುರು ಹೂಗಳನ್ನು ಕೆಡಿಸುವ ಚಹಾ ಸೊಳ್ಳೆಯನ್ನು ಕೊಲ್ಲಲು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷ ಅದು. ಕ್ಲೋರಿನ್ ಇರುವ ಈ ಕೀಟನಾಶಕ ನರಮಂಡಲವನ್ನೇ ಹಿಡಿಯುತ್ತದೆ. ಮಣ್ಣಿನಲ್ಲಿ ಅದು ಒಡೆದಾಗ ಉಂಟಾಗುವ ಎಂಡೋಸಲ್ಫಾನ್ ಸಲ್ಫೇಟ್ ಕೂಡ ವಿಷವೇ. ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಸಿಂಪಡಿಸುವಾಗ ನೀರಿನ ಮೂಲಗಳನ್ನು ಮುಚ್ಚಿಡಬೇಕೆಂಬ ನಿಯಮವೇನೋ ಇತ್ತು. ಆದರೆ ನಮ್ಮಲ್ಲಿ ಗುಡ್ಡದ ಮೇಲೆ ತೋಟ, ಬುಡದಲ್ಲಿ ಮನೆ. ಕುಡಿಯುವ ನೀರು ಸುರಂಗದಿಂದ ಬರುತ್ತದೆ, ತೋಡಿನಲ್ಲಿ ಹರಿಯುತ್ತದೆ. ತೋಡಿಗೆ ಮುಚ್ಚಳ ಹಾಕುವುದು ಹೇಗೆ?

ಹಾಗಾದರೆ ಪಾಪ ಮಾಡಿದವರು ಯಾರು? ಹೆಲಿಕಾಪ್ಟರ್ ಹಾರಿಸಿದವನಿಗೆ ಆದೇಶವಿತ್ತು. ಆದೇಶ ಕೊಟ್ಟವರ ಬಳಿ ಅನುಮತಿಯಿತ್ತು. ಅನುಮತಿ ಕೊಟ್ಟವರ ಮುಂದೆ ನಿಯಮದ ಪುಸ್ತಕವಿತ್ತು. ಆದಿಕಾಂಡದ ಮೂರನೇ ಅಧ್ಯಾಯದಲ್ಲೂ ಹೀಗೆಯೇ ಆಗುತ್ತದೆ: ಆದಾಮ ಹೆಂಡತಿಯನ್ನು ತೋರಿಸುತ್ತಾನೆ, ಹೆಂಡತಿ ಸರ್ಪವನ್ನು ತೋರಿಸುತ್ತಾಳೆ. ಕೆಡುಕು ಎಲ್ಲರ ಕಣ್ಣೆದುರಿಗಿದೆ, ಮಾಡಿದವರು ಮಾತ್ರ ಯಾರೂ ಇಲ್ಲ.

ಇಂಥ ಕೆಡುಕಿನ ಬಗ್ಗೆ ಧರ್ಮಸಭೆಗೆ ಸ್ಪಷ್ಟ ಬೋಧನೆಯಿದೆ. ಪೋಪ್ ಸಂತ ಎರಡನೇ ಜಾನ್ ಪೌಲರು 1984ರಲ್ಲಿ ಸಮಾಜದ ಪಾಪದ ಕುರಿತು ಬರೆದಾಗ, ಅದು ಅನೇಕ ವ್ಯಕ್ತಿಗಳ ಸ್ವಂತ ಪಾಪಗಳು ಸೇರಿ ಬೆಳೆದ ರಾಶಿ ಎಂದು ವಿವರಿಸಿದರು. ಕೆಡುಕನ್ನು ಮಾಡಿದವರ ಪಾಪ ಅದರಲ್ಲಿದೆ, ಅದರಿಂದ ಲಾಭ ಪಡೆದವರದ್ದೂ ಇದೆ. ತಡೆಯಬಹುದಾಗಿದ್ದರೂ ಸೋಮಾರಿತನದಿಂದಲೋ, ಅಂಜಿಕೆಯಿಂದಲೋ, ತಮಗೇಕೆಂಬ ಉದಾಸೀನದಿಂದಲೋ ಸುಮ್ಮನಿದ್ದವರದ್ದೂ ಇದೆ. ವ್ಯವಸ್ಥೆ ಕೆಟ್ಟಿದೆ ಎಂದು ಹೇಳಿ ನಾವು ಪಾರಾಗುವಂತಿಲ್ಲ. ವ್ಯವಸ್ಥೆ ಎಂದೂ ಪಾಪನಿವೇದನೆಗೆ ಬರುವುದಿಲ್ಲ, ಬರಬೇಕಾದವರು ಮನುಷ್ಯರು.

ಎಲ್ಲರ ಹೊಣೆಯೂ ಸಮವಲ್ಲ ನಿಜ. ಪೂರ್ಣ ಅರಿವು, ಮನಸಾರೆ ಒಪ್ಪಿಗೆ ಇದ್ದರೆ ಮಾತ್ರ ಪಾಪ ಮಾರಕವಾಗುತ್ತದೆ ಎಂದು ನಾವು ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಹೊಟ್ಟೆಪಾಡಿಗಾಗಿ ತೋಟದಲ್ಲಿ ದುಡಿದ ಕೂಲಿಯವರು ತಾವೇ ವಿಷ ಉಂಡವರು. ಆದರೆ ಗೊತ್ತಾದ ಮೇಲೂ ಸುಮ್ಮನಿರುವುದಕ್ಕೆ ಪ್ರತಿ ಬಲಿಪೂಜೆಯ ಆರಂಭದಲ್ಲಿ ನಾವೇ ಹೆಸರು ಕೊಡುತ್ತೇವೆ. ಮನಸ್ಸು, ಮಾತು, ಕ್ರಿಯೆಗಳ ಜೊತೆ ಕರ್ತವ್ಯಲೋಪವನ್ನೂ ಒಪ್ಪಿಕೊಂಡು ಎದೆ ಬಡಿದುಕೊಳ್ಳುತ್ತೇವೆ. ಸಂತ ಮತ್ತಾಯರ 25ನೇ ಅಧ್ಯಾಯದ ಕೊನೆಯ ತೀರ್ಪಿನಲ್ಲಿ ಎಡಗಡೆಗೆ ನಿಂತವರು ಕದ್ದವರೆಂದೋ ಕೊಂದವರೆಂದೋ ಬರೆದಿಲ್ಲ. ಹಸಿದವನಿಗೆ ಅವರು ಕೊಡಲಿಲ್ಲ, ರೋಗಿಯನ್ನು ನೋಡಲು ಹೋಗಲಿಲ್ಲ, ಅಷ್ಟೇ.

ಸುಮ್ಮನಿರದವರೂ ನಮ್ಮ ಜಿಲ್ಲೆಯಲ್ಲೇ ಇದ್ದರು. ಕೃಷಿಕ ಪತ್ರಕರ್ತ ಶ್ರೀಪಡ್ರೆಯವರು ಗೇರುತೋಟದ ಬಳಿ ಅಂಗವಿಕಲ ಕರುಗಳು ಹುಟ್ಟುವುದನ್ನು ಗಮನಿಸಿ ಬರೆದರು. ವಾಣಿನಗರದ ಡಾ. ಮೋಹನ ಕುಮಾರರು ತಮ್ಮ ರೋಗಿಗಳ ಸ್ಥಿತಿಯನ್ನು ವೈದ್ಯಲೋಕದ ಮುಂದಿಟ್ಟರು. ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು. ಮುಂದೆ 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಮೊದಲು ದನಿಯೆತ್ತಿದ ಈ ಮೂವರೂ ನಮ್ಮ ಧರ್ಮಸಭೆಯವರಲ್ಲ. ದೇವರು ಒಳ್ಳೆಯದನ್ನು ಮಾಡಿಸಲು ನಮ್ಮ ಬೇಲಿಯೊಳಗೆ ಮಾತ್ರ ಜನರನ್ನು ಹುಡುಕುವುದಿಲ್ಲ.

ಸಿಂಪಡಣೆ ನಿಂತ ಆಸುಪಾಸಿನಲ್ಲಿ ಹುಟ್ಟಿದ ನಮ್ಮ ಯುವಜನರಿಗೆ ಇದು ಮುಗಿದ ಕಥೆ ಅನಿಸಬಹುದು. ಆದರೆ ಅಂದಿನ ಮಕ್ಕಳು ಇಂದು ನಮ್ಮದೇ ಪ್ರಾಯದವರು. ಹಲವರು ಇನ್ನೂ ಚಾಪೆಯ ಮೇಲಿದ್ದಾರೆ. ಅವರಿಗೆ ಉಣಿಸುವ, ಮೀಯಿಸುವ ತಾಯಂದಿರಿಗೆ ವಯಸ್ಸಾಗಿದೆ. ತಾನು ಸತ್ತ ಮೇಲೆ ಇವನಿಗೆ ಯಾರು ಎಂಬುದೇ ಅವರ ಚಿಂತೆ. ಮಲಯಾಳದಲ್ಲಿ ಬಂದ ಸರಕಾರಿ ಕಾಗದವನ್ನು ಓದಿ ಹೇಳುವವರೂ ಎಷ್ಟೋ ಕನ್ನಡ ಮನೆಗಳಲ್ಲಿಲ್ಲ.

ಇದು ನಮ್ಮ ಕೈಲಾಗದ ಕೆಲಸವಲ್ಲ. ಮಲಯಾಳ ಬಲ್ಲ ಯುವಕ ಯುವತಿಯರು ಅರ್ಜಿ ತುಂಬಿಸಿಕೊಡಬಹುದು. ವಾಳೆಯ ಗುರಿಕಾರರು ಜಾತಿ ಧರ್ಮ ನೋಡದೆ ಅಂಥ ಮನೆಗಳನ್ನು ಗುರುತಿಸಬಹುದು. ಬೈಕ್ ಇರುವವರು ತಿಂಗಳ ಮದ್ದು ತಂದುಕೊಡಬಹುದು. ತಾಯಿ ಒಂದು ಮದುವೆಗೆ ಹೋಗಿ ಬರುವಷ್ಟು ಹೊತ್ತು ಮಗುವಿನ ಬಳಿ ಕೂರಬಹುದು.

ಈ ತಪಸ್ಸುಕಾಲದ ಆತ್ಮಶೋಧನೆಯಲ್ಲಿ ಏನು ತಪ್ಪು ಮಾಡಿದೆ ಎಂದು ಕೇಳಿಕೊಂಡ ಮೇಲೆ, ಎಲ್ಲಿ ಗೊತ್ತಿದ್ದೂ ಸುಮ್ಮನಿದ್ದೆ ಎಂದೂ ಕೇಳಿಕೊಳ್ಳೋಣ. ಮಣ್ಣು ಕಲಸಲು ಹೇಸದ ಸ್ವಾಮಿ ನಮ್ಮ ಕೈಗಳಿಗೂ ಆ ಧೈರ್ಯ ಕೊಡಲಿ. ಆಮೆನ್.