ಹೋಗುವುದೋ, ನಿಲ್ಲುವುದೋ

ಮಗಳ ಬಾಣಂತನಕ್ಕೆ ಹೋಗದ ತಾಯಿಯನ್ನು ನಮ್ಮ ಕಡೆ ಯಾರೂ ಬೈಯುವುದಿಲ್ಲ. ಸುಮ್ಮನೆ ಒಂದು ಗಳಿಗೆ ಮುಖ ನೋಡುತ್ತಾರೆ, ಅಷ್ಟೆ. ಆ ನೋಟವನ್ನು ನಾನು ಮೂರು ನಾಲ್ಕು ಮದುವೆ ಮನೆಗಳಲ್ಲಿ ಊಟದ ಜೊತೆಗೇ ಉಂಡಿದ್ದೇನೆ. "ಹೌದಾ, ನೀವು ಹೋಗಲೇ ಇಲ್ಲವಾ?" ಎಂದು ಕೇಳಿದವರು ನನ್ನ ಉತ್ತರಕ್ಕೆ ಕಾಯದೆ ಕೋಸಂಬರಿಗೆ ಉಪ್ಪು ಸಾಲದೆಂದು ಮಾತು ತಿರುಗಿಸುತ್ತಾರೆ. ಅವರಿಗೆ ಆಗ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯಲು ಕುಳಿತಿದ್ದೇನೆ. ಬರೆದು ಮುಗಿಸುವಷ್ಟರಲ್ಲಿ ನನಗಾದರೂ ಅದು ಒಪ್ಪಿಗೆಯಾಗುತ್ತದೋ ಇಲ್ಲವೋ, ನೋಡೋಣ.

ನನ್ನ ಮಗಳು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. 2021ರ ಜೂನ್ ಮಧ್ಯಕ್ಕೆ ಅವಳಿಗೆ ದಿನ ಕೊಟ್ಟಿದ್ದರು. ಹಿಂದೆ ಒಮ್ಮೆ ಮೂರು ತಿಂಗಳಿಗೇ ಹೋಗಿಬಿಟ್ಟಿದ್ದರಿಂದ ಈ ಸಲ ಅವಳಿಗೂ ಭಯ, ನನಗೂ ಭಯ. ನನ್ನ ವೀಸಾ 2019ರಲ್ಲೇ ಆಗಿತ್ತು. ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಬೇಕಲ್ಲ, ಅದಕ್ಕೂ ಮಾರ್ಚ್ ತಿಂಗಳಲ್ಲೇ ಓಡಾಡಿ ಕಾಗದ ಮಾಡಿಸಿಕೊಂಡಿದ್ದೆ. ಟಿಕೆಟ್ಟು ಮೇ 20ಕ್ಕೆ. ತಿಪಟೂರಿನವಳಾದ ಮೇಲೆ ಕೊಬ್ಬರಿಗೇನು ಬರ? ಒಳ್ಳೆಯ ಗಿಟುಕು ಆರಿಸಿ ತುರಿದು, ಅಂಟು ಹುರಿದು, ಉತ್ತುತ್ತೆ ಗೋಡಂಬಿ ಹಾಕಿ ಎರಡು ಸ್ಟೀಲ್ ಡಬ್ಬಿ ತುಂಬ ಅಂಟಿನುಂಡೆ ಕಟ್ಟಿದ್ದೆ. ಓಮಿನ ಪುಡಿ, ಬಜೆ, ಸೀಗೆಪುಡಿ, ಹಳೆಯ ಮೆತ್ತನೆಯ ಪಂಚೆಗಳು ಎಲ್ಲ ಒಂದೊಂದಾಗಿ ಪೆಟ್ಟಿಗೆ ಸೇರಿದ್ದವು. ಪೆಟ್ಟಿಗೆ ತುಂಬುವ ಕೆಲಸದಲ್ಲಿ ಎಂಥ ಸುಖವಿದೆಯೆಂಬುದು ಮಗಳನ್ನು ದೂರ ಕಳಿಸಿದವರಿಗೆ ಗೊತ್ತು.

ಅಷ್ಟರಲ್ಲಿ ಎರಡನೆಯ ಅಲೆ ಬಂತು. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯವೆಲ್ಲ ಬಾಗಿಲು ಹಾಕಿಕೊಂಡಿತು. ತಿಂಗಳ ಕೊನೆಗೆ ಕರ್ನಾಟಕವೊಂದರಲ್ಲೇ ದಿನಕ್ಕೆ 40 ಸಾವಿರಕ್ಕೂ ಹೆಚ್ಚು ಜನರಿಗೆ ಸೋಂಕು. ಮೇ 1ರ ಬೆಳಗಿನ ಜಾವ ಅಳಿಯಂದಿರ ಫೋನು. "ಅತ್ತೆ, ಮೇ 4ರಿಂದ ಇಂಡಿಯಾದಿಂದ ಬರುವವರಿಗೆ ಇಲ್ಲಿ ಪ್ರವೇಶ ಇಲ್ಲ ಅಂತ ಘೋಷಣೆ ಆಗಿದೆ. ಇಲ್ಲಿನ ಪ್ರಜೆಗಳಿಗೆ, ಹಸಿರು ಕಾರ್ಡಿನವರಿಗೆ ಮಾತ್ರ ಬಿಡ್ತಾರೆ. ನಾಳೆ ರಾತ್ರಿ ದೆಹಲಿ ಮೇಲೆ ಒಂದು ಸೀಟು ಸಿಕ್ಕಿದೆ. ಹೊರಟುಬಿಡಿ." ಹಿಂದಿನಿಂದ ಮಗಳ ದನಿ: "ಅಮ್ಮಾ, ಬಂದುಬಿಡಮ್ಮ."

ನನ್ನ ಕೈಯಲ್ಲಿದ್ದದ್ದು ಒಂದೂವರೆ ದಿನ. ಜೀವನದ ದೊಡ್ಡ ತೀರ್ಮಾನಗಳಿಗೆಲ್ಲ ನಿಧಾನವಾಗಿ ಯೋಚಿಸಿ ಎಂದು ಮಕ್ಕಳಿಗೆ ಇಪ್ಪತ್ತೇಳು ವರ್ಷದಿಂದ ಹೇಳಿಕೊಂಡು ಬಂದವಳು ನಾನು.

ತೊಡಕು ಎಲ್ಲಿತ್ತೆಂದರೆ, ಏಪ್ರಿಲ್ 26ರಂದು ಸ್ಟಾಫ್ ರೂಮಿನಲ್ಲಿ ನಾನೂ ನಮ್ಮ ವಿಜ್ಞಾನದ ಮೇಡಮ್ಮೂ ಒಂದೇ ಬುತ್ತಿಯ ಪುಳಿಯೋಗರೆ ತಿಂದಿದ್ದೆವು. 29ಕ್ಕೆ ಅವರಿಗೆ ಪಾಸಿಟಿವ್ ಎಂದು ಬಂತು. 30ರ ಸಂಜೆ ನನ್ನ ಗಂಟಲು ಸ್ವಲ್ಪ ಕೆರೆಯಿತು. ಸ್ವಲ್ಪವೇ. ಬೇರೆ ಯಾವ ವರ್ಷವಾದರೂ ಮೆಣಸಿನ ಸಾರು ಕುಡಿದು ಮಲಗುತ್ತಿದ್ದೆ. ಲಸಿಕೆಯ ಮೊದಲ ಡೋಸು ಆಗಿತ್ತು, ಎರಡನೆಯದು ಬಾಕಿ.

ವಿಮಾನ ಹತ್ತಲು ಮೂರು ದಿನದೊಳಗಿನ ಪರೀಕ್ಷೆಯ ನೆಗೆಟಿವ್ ವರದಿ ಬೇಕು. ಆ ವಾರ ನಮ್ಮ ಕಡೆ ಮೂಗಿನ ದ್ರವ ಕೊಟ್ಟರೆ ವರದಿ ಬರಲು ಮೂರು ದಿನ, ನಾಲ್ಕು ದಿನ. ಪರಿಚಯದವರೊಬ್ಬರು ಒಬ್ಬನ ಫೋನ್ ನಂಬರು ಕೊಟ್ಟರು. ಮಾಡಿದೆ. ಆತ ಬಹಳ ಮರ್ಯಾದೆಯಿಂದ ಮಾತಾಡಿದ. "ಆಧಾರ್ ಕಾರ್ಡಿನ ಫೋಟೋ ಕಳಿಸಿ ಮೇಡಂ, ಸಂಜೆಯೊಳಗೆ ವರದಿ ನಿಮ್ಮ ಮೊಬೈಲಿಗೇ ಬರುತ್ತೆ." "ಸ್ಯಾಂಪಲ್ ಕೊಡಲು ಎಲ್ಲಿಗೆ ಬರಬೇಕಪ್ಪಾ?" ಎಂದೆ. "ಅದೆಲ್ಲ ಬೇಡ ಬಿಡಿ ಮೇಡಂ, ಅರ್ಜೆಂಟು ಅಂತೀರಲ್ಲ," ಎಂದ.

ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನಾನು ತಕ್ಷಣ ಬೇಡವೆನ್ನಲಿಲ್ಲ. ಆಧಾರ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ. ಸುಮಾರು ಎರಡು ಗಂಟೆ ಅದು ಅಲ್ಲೇ ಇತ್ತು. ಪರೀಕ್ಷಾ ಕೊಠಡಿಯಲ್ಲಿ ಎಷ್ಟು ಮಕ್ಕಳ ಸಾಕ್ಸಿನೊಳಗಿಂದ ಚೀಟಿ ತೆಗೆಸಿದ್ದೇನೋ ಲೆಕ್ಕವಿಲ್ಲ. "ಎಲ್ಲರೂ ಕಾಪಿ ಹೊಡೀತಾರೆ ಮಿಸ್" ಎಂದು ಅತ್ತವರನ್ನು ಗದರಿಸಿದ್ದೇನೆ. ಅವರಲ್ಲಿ ಒಬ್ಬನಿಗಾದರೂ ಮನೆಯಲ್ಲಿ ಇಂಥದೇ ಒಂದು ಅರ್ಜೆಂಟು ಇದ್ದಿರಬಹುದೆಂದು ಅಂದು ಮೊದಲ ಬಾರಿಗೆ ಹೊಳೆಯಿತು.

ಅಳಿಯಂದಿರು ಮತ್ತೆ ಫೋನು ಮಾಡಿದರು. "ನೀವೊಬ್ಬರು ಬರದಿದ್ದರೆ ಆ ಸೀಟು ಖಾಲಿ ಇರುತ್ತಾ ಅತ್ತೆ? ಇನ್ಯಾರೋ ಕೂರ್ತಾರೆ. ಅವರಿಗೆ ಏನಿದೆಯೋ ಯಾರಿಗೆ ಗೊತ್ತು?" ಇಂಥ ವಾದಕ್ಕೆ ಉತ್ತರ ಕೊಡುವುದು ಕಷ್ಟ, ಏಕೆಂದರೆ ಅದರಲ್ಲಿ ಸುಳ್ಳಿಲ್ಲ. ನಾನು ನಿಂತರೆ ರೋಗ ನಿಲ್ಲುವುದಿಲ್ಲ. ಆದರೆ ಇನ್ನೊಬ್ಬನು ಕೂರುವುದು ಅವನ ಲೆಕ್ಕಕ್ಕೆ ಸೇರಿದ್ದು. ಗಂಟಲು ಕೆರೆಯುತ್ತಿರುವುದನ್ನು ಬಲ್ಲವಳು ನಾನು. ಅವನಿಗೆ ತಿಳಿಯದಿರಬಹುದು, ನನಗೆ ತಿಳಿದಿತ್ತು. ತಿಳಿದ ಮೇಲೆ ತಿಳಿಯದವಳಂತೆ ಹದಿನೈದು ಹದಿನಾರು ಗಂಟೆ ಒಬ್ಬರ ಭುಜಕ್ಕೆ ಭುಜ ತಾಗಿಸಿ ಕೂರುವುದು ಹೇಗೆ? ಪಕ್ಕದ ಸೀಟಿನವರಿಗೆ ನನ್ನ ಮನಸ್ಸಿನಲ್ಲಿ ಹೆಸರಿರಲಿಲ್ಲ, ಮುಖವಿರಲಿಲ್ಲ. ಮಗಳಿಗೆ ಎರಡೂ ಇದ್ದವು. ಧರ್ಮಸಂಕಟವೆಂಬ ಮಾತನ್ನು ಎಷ್ಟು ಸಲ ಕಪ್ಪು ಹಲಗೆಯ ಮೇಲೆ ಬರೆದು ವಿವರಿಸಿದ್ದೆನೋ! ಆ ದಿನ ಅದು ಗಂಟಲಲ್ಲೇ ಕೂತಿತ್ತು.

ಇನ್ನೊಂದು ನೆನಪೂ ಬಂತು. 2020ರ ಮಾರ್ಚ್‌ನಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ಪರದೇಶದಿಂದ ಬಂದಿದ್ದ. ಕೈಗೆ ಮುದ್ರೆ ಒತ್ತಿ ಕಳಿಸಿದ್ದರು, ಬಾಗಿಲಿಗೆ ನೋಟೀಸು ಅಂಟಿಸಿದ್ದರು. ಅವರ ಮನೆಗೆ ಹಾಲು ಹಾಕುವವನು ಹಾಕುವುದನ್ನು ಬಿಟ್ಟ. ನಾನೇನು ಕಡಿಮೆ? "ಅಲ್ಲೇ ಇರಬಾರದಿತ್ತಾ, ಇಲ್ಲಿಗ್ಯಾಕೆ ಹೊತ್ತು ತಂದ?" ಎಂದು ನಮ್ಮ ಕಾಂಪೌಂಡಿನೊಳಗೆ ನಿಂತು ಅವನ ತಾಯಿಗೆ ಕೇಳಿಸುವಂತೆ ಅಂದಿದ್ದೆ. ಅವನಿಗೆ ಏನೂ ಇರಲಿಲ್ಲ. ಹದಿನಾಲ್ಕು ದಿನ ಮುಗಿದ ಮೇಲೆ ಆತ ಹೊರಗೆ ಬಂದು ನನಗೇ ಮೊದಲು ನಮಸ್ಕಾರ ಮಾಡಿದ. ಈಗ ನಾನು ಹೊತ್ತು ಹೊರಟಿದ್ದೆ.

ಅದೇ ವರ್ಷ ಶಾಲೆ ಮುಚ್ಚಿದ್ದಾಗ ವಿದ್ಯಾಗಮವೆಂದು ದೇವಸ್ಥಾನದ ಜಗಲಿ, ಮರದ ನೆರಳುಗಳಲ್ಲಿ ಪಾಠ ಮಾಡಿದೆವಲ್ಲ, ಆಗ ಮಕ್ಕಳಿಗೆ ನನ್ನ ಮೊದಲ ಪಾಠವೇ "ಶೀತ ಇದ್ದವರು ಬರಬೇಡಿ, ನಿಮ್ಮಿಂದ ಇನ್ನೊಬ್ಬರ ಅಜ್ಜಿಗೆ ತೊಂದರೆ ಆಗಬಾರದು" ಎಂಬುದಾಗಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಂದು ಸೀನು ಬಂತೆಂದು ಎಂಟು ದಿನ ದೂರದ ಹುಣಸೆಮರದ ಕೆಳಗೆ ಒಬ್ಬನೇ ಕೂತು, ನಾನು ಗಟ್ಟಿಯಾಗಿ ಹೇಳಿದ್ದಷ್ಟನ್ನು ಕೇಳಿಸಿಕೊಂಡು ಬರೆದುಕೊಂಡ. ಅವನ ಮನೆಯಲ್ಲಿ ಅಜ್ಜಿಯೇ ಇರಲಿಲ್ಲ.

ಮಧ್ಯಾಹ್ನ ನಮ್ಮ ಉರ್ದು ಮೇಡಂಗೆ ಫೋನು ಮಾಡಿದೆ. ಮೂವತ್ತು ವರ್ಷದ ಸ್ನೇಹ, ಮನಸ್ಸಿಗೆ ಸರಿಕಂಡದ್ದನ್ನು ಹೇಳುವವರು. ಪಿಡುಗು ಬಿದ್ದ ಊರಿಗೆ ಹೋಗಬೇಡಿ, ನೀವಿರುವ ಊರಿಗೇ ಪಿಡುಗು ಬಂದರೆ ಅದನ್ನು ಬಿಟ್ಟು ಓಡಬೇಡಿ ಎಂದು ತಮ್ಮ ಪೈಗಂಬರರು ಹೇಳಿದ್ದಾರೆಂದು ತಿಳಿಸಿದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, "ಆದರೆ ನೀವು ಓಡ್ತಾ ಇಲ್ಲವಲ್ಲ, ಮಗಳ ಹತ್ತಿರ ಹೋಗ್ತಾ ಇದ್ದೀರಿ. ನನ್ನ ಮಗಳಾಗಿದ್ದರೆ ನಾನೇನು ಮಾಡ್ತಿದ್ದೆನೋ ಗೊತ್ತಿಲ್ಲ," ಎಂದರು. ಅವರ ಆ ಕೊನೆಯ ಮಾತಿಗಾಗಿ ಇವತ್ತಿಗೂ ಅವರ ಮೇಲೆ ನನಗೆ ಪ್ರೀತಿ.

ನನ್ನ ಅಜ್ಜಿ ಪ್ಲೇಗಿನ ಕಾಲದ ಕಥೆ ಹೇಳುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಬಂದ ಆ ಮಾರಿ ಮುಂದೆ ಎಷ್ಟೋ ವರ್ಷ ಮೈಸೂರು ಸೀಮೆಯ ಹಳ್ಳಿಗಳನ್ನು ಬಿಡಲಿಲ್ಲ. ಮನೆಯಲ್ಲಿ ಇಲಿ ಬಿತ್ತೆಂದರೆ ಊರಿಗೆ ಊರೇ ಎದ್ದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತಂತೆ. "ಹಾಗಾದರೆ ನೀವೂ ಊರು ಬಿಟ್ಟು ಓಡಿದಿರಾ ಅಜ್ಜಿ?" ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. "ಬಯಲಿಗೆ ಹೋದ್ವಿ ಕಣೇ, ನೆಂಟರ ಮನೆಗೆ ಹೋಗಲಿಲ್ಲ," ಎಂದಿದ್ದರು. ಸ್ವಲ್ಪ ಹೊತ್ತಿನ ಮೇಲೆ, "ಹೋಗಿದ್ದರೂ ಅವರು ಬಾಗಿಲು ತೆಗೀತಿರಲಿಲ್ಲ ಅನ್ನು," ಎಂದು ನಕ್ಕಿದ್ದರು. ನಾನು ಹೊರಟಿದ್ದದ್ದು ಬಯಲಿಗಲ್ಲ. ತುಂಬು ಬಸುರಿಯಿರುವ, ಕಿಟಕಿ ಮುಚ್ಚಿದ ಎರಡು ಕೋಣೆಯ ಮನೆಗೆ. ವಿಮಾನದ ಅಪರಿಚಿತರ ಮಾತು ಹಾಗಿರಲಿ, ಮೊದಲು ನನ್ನ ಉಸಿರು ಬೀಳುವುದು ಅವಳ ಮೇಲೆಯೇ. ಇದು ನನಗೆ ಹೊಳೆದದ್ದು ಸಂಜೆ ನಾಲ್ಕಕ್ಕೆ. ಅಷ್ಟು ಹೊತ್ತು ಯಾಕೆ ಹೊಳೆಯಲಿಲ್ಲವೆಂದು ಕೇಳಿದರೆ, ಅವಳಿಗೆ ನಾನು ಬೇಕಾಗಿದ್ದೇನೆಂಬ ಹೆಮ್ಮೆ ಅಡ್ಡ ನಿಂತಿತ್ತು ಎನ್ನಬೇಕು.

ನಮ್ಮವರು ಏನೂ ಹೇಳಲಿಲ್ಲ. ಗಂಡಸರ ಮೌನಕ್ಕೆ ಅರ್ಥ ಕಟ್ಟುವ ಕೆಲಸವನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಎಂಬತ್ತನಾಲ್ಕು ವರ್ಷದ ಅತ್ತೆ ಮಾತ್ರ ನನ್ನನ್ನು ಮಂಚದ ಹತ್ತಿರ ಕರೆದು, ಅಷ್ಟು ದೂರದಲ್ಲೇ ನಿಲ್ಲಿಸಿ, "ನೋಡು, ಮುದುಕಿ ಇದಾಳೆ ಅಂತ ನನ್ನ ನೆಪ ಹೇಳಬೇಡ. ಹೋಗೋದಾದ್ರೆ ಹೋಗು. ನಿಲ್ಲೋದಾದ್ರೆ ನಿನ್ನ ಬುದ್ಧಿಯಿಂದ ನಿಲ್ಲು," ಎಂದರು. ಅತ್ತೆಯ ನೆಪವನ್ನೇ ಆಗಲೇ ಅರ್ಧ ಸಿದ್ಧಮಾಡಿಕೊಂಡಿದ್ದವಳಿಗೆ ಹೇಗಾಗಿರಬೇಡ!

ಅವತ್ತು ರಾತ್ರಿ ಮಗಳಿಗೆ ಬರುವುದಿಲ್ಲವೆಂದು ಹೇಳಿದೆ. ಕಾರಣಗಳನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, "ಸರಿ ಅಮ್ಮ, ಇಡ್ತೀನಿ," ಎಂದಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು.

ಮೇ 2ರ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಂತು ಮೂಗಿನ ದ್ರವ ಕೊಟ್ಟು ಬಂದೆ. ನಾನು ವಿಮಾನದಲ್ಲಿರಬೇಕಿದ್ದ ಆ ರಾತ್ರಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಹೋಯಿತು. ಒಂದೇ ದಿನದಲ್ಲಿ 24 ಜನ ಅಲ್ಲಿ ತೀರಿಕೊಂಡರೆಂದು ಮರುದಿನ ಟಿವಿಯಲ್ಲಿ ಬಂತು. ನನ್ನ ವರದಿ ಬಂದದ್ದು ಮೇ 6ಕ್ಕೆ. ನೆಗೆಟಿವ್.

ಇಲ್ಲಿಗೆ ಬಂದಾಗಲೆಲ್ಲ ನನ್ನ ಬರವಣಿಗೆ ನಿಂತುಬಿಡುತ್ತದೆ. ಪಾಸಿಟಿವ್ ಬಂದಿದ್ದರೆ ನಾನು ಎಲ್ಲರ ಮುಂದೆ ಗೆದ್ದವಳಾಗುತ್ತಿದ್ದೆ. ನೆಗೆಟಿವ್ ಬಂದದ್ದರಿಂದ ತಪ್ಪು ಮಾಡಿದವಳಾದೆನೇ? ಗಂಟಲು ಕೆರೆದದ್ದು ಬರೀ ಧೂಳಿಗಿರಬಹುದು. ಆ ಪರೀಕ್ಷೆಯೂ ಕೆಲವು ಸಲ ಸೋಂಕನ್ನು ತಪ್ಪಿಸಿಬಿಡುತ್ತದೆಂದು ಡಾಕ್ಟರು ಹೇಳಿದರು, ಆದರೆ ನನ್ನ ವಿಷಯದಲ್ಲಿ ಹಾಗಾಯಿತೆನ್ನಲು ಆಧಾರವೇನೂ ಇಲ್ಲ. ಉತ್ತರ ಪತ್ರಿಕೆ ತಿದ್ದುವಾಗ ನಾವು ಉತ್ತರ ಮಾತ್ರ ನೋಡುವುದಿಲ್ಲ, ಹಂತಗಳಿಗೂ ಅಂಕ ಕೊಡುತ್ತೇವೆ. ಮೇ 1ರಂದು ನನಗೆ ಗೊತ್ತಿದ್ದಷ್ಟರಿಂದ ಹಂತ ಸರಿಯಾಗಿಯೇ ಇತ್ತೆಂದು ಈಗಲೂ ಅಂದುಕೊಂಡಿದ್ದೇನೆ. ಆದರೆ ಲೆಕ್ಕ ಬಿಡಿಸಿದವಳು ನಾನು, ಅಂಕ ಕಳೆದುಕೊಂಡವಳು ಮಗಳು. ಅದೊಂದು ನನ್ನನ್ನು ಇರಿಯುತ್ತದೆ. ಒಳ್ಳೆಯತನದ ಖರ್ಚನ್ನು ಇನ್ನೊಬ್ಬರ ಕೈಯಿಂದ ಕೊಡಿಸುವುದು ಎಷ್ಟು ಒಳ್ಳೆಯತನ?

ಭಯವೂ ಇತ್ತೆಂದು ಒಪ್ಪಿಕೊಳ್ಳಬೇಕು. ದೆಹಲಿಯ ಚಿತೆಗಳನ್ನು ಟಿವಿಯಲ್ಲಿ ನೋಡಿದ್ದೆ. ಗೊತ್ತಿಲ್ಲದ ದೇಶದಲ್ಲಿ ಕಾಯಿಲೆ ಬಿದ್ದರೆ ಆಸ್ಪತ್ರೆಯ ಬಿಲ್ಲಿಗೆ ಅಳಿಯಂದಿರು ಮನೆ ಮಾರಬೇಕಾದೀತೆಂಬ ದಿಗಿಲಿತ್ತು. ನಿಂತದ್ದರಲ್ಲಿ ಕರ್ತವ್ಯವೆಷ್ಟು, ಹೆದರಿಕೆಯೆಷ್ಟು ಎಂದು ನನಗೆ ಇನ್ನೂ ಬಿಡಿಸಲಾಗಿಲ್ಲ. ಎರಡೂ ಒಂದೇ ಕಡೆಗೆ ಎಳೆಯುತ್ತಿದ್ದವು. ಅವು ಬೇರೆ ಬೇರೆ ಕಡೆಗೆ ಎಳೆದಿದ್ದರೆ ನಾನು ಏನೆಂಬುದು ಗೊತ್ತಾಗುತ್ತಿತ್ತು.

ಜೂನ್‌ನಲ್ಲಿ ಮಗಳಿಗೆ ಸಿಸೇರಿಯನ್ ಆಯಿತು, ಹೆಣ್ಣು ಮಗು. ಪಕ್ಕದ ಮನೆಯ ತೆಲುಗು ಹುಡುಗಿ ಇಪ್ಪತ್ತು ದಿನ ಬಾಗಿಲಲ್ಲಿ ಸಾರು ಅನ್ನ ಇಟ್ಟು ಹೋದಳಂತೆ. ಆ ಹೆಣ್ಣುಮಗಳನ್ನು ನಾನು ಬದುಕಿರುವವರೆಗೆ ಮರೆಯಲಾರೆ. ಮಗಳು ಮಾತ್ರ ಎರಡು ತಿಂಗಳು ಕಾರಣವಿಲ್ಲದೆ ಅಳುತ್ತಿದ್ದಳು, ಮಗುವನ್ನು ಎತ್ತಿಕೊಳ್ಳಲೂ ಬೇಸರವೆನ್ನುತ್ತಿದ್ದಳು. ಬಾಣಂತಿಯರಿಗೆ ಬರುವ ಖಿನ್ನತೆಯೆಂದು ಅಲ್ಲಿನ ವೈದ್ಯರು ಗುರುತಿಸಿ ಚಿಕಿತ್ಸೆ ಕೊಟ್ಟರು. ತಾಯಿ ಹತ್ತಿರವಿದ್ದವರಿಗೂ ಅದು ಬರುತ್ತದೆಂದು ಅವಳೇ ಹೇಳಿದಳು, ನನ್ನನ್ನು ಸಮಾಧಾನಪಡಿಸಲು. ಇರಬಹುದು.

ಅಂಟಿನುಂಡೆಯ ಒಂದು ಡಬ್ಬಿಯನ್ನು ವಿಜ್ಞಾನದ ಮೇಡಂ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವರ ಗೇಟಿನ ಮೇಲಿಟ್ಟು ಬಂದೆ. ಇನ್ನೊಂದನ್ನು ಅದೇ ಬೀದಿಯ ಹುಡುಗನ ತಾಯಿಗೆ ಕೊಟ್ಟೆ. ಯಾಕೆಂದು ಆಕೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಮೆರಿಕ ಆ ನಿರ್ಬಂಧವನ್ನು 2021ರ ನವೆಂಬರ್ 8ಕ್ಕೆ ತೆಗೆಯಿತು. ನನಗೆ ರಜೆ ಕೂಡಿಬಂದದ್ದು 2022ರ ಏಪ್ರಿಲ್‌ನಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ. ಆಗ ಪ್ರಯಾಣದ ಹಿಂದಿನ ದಿನದ ಪರೀಕ್ಷೆಯ ವರದಿಯೇ ಬೇಕಿತ್ತು. ಎರಡು ಮೂಗಿನ ಹೊಳ್ಳೆಗೂ ಕಡ್ಡಿ ಹಾಕಿಸಿಕೊಂಡು, ವರದಿ ಹಿಡಿದು ಹೊರಟೆ. ಮಗುವಿಗೆ ಹತ್ತು ತಿಂಗಳು. ಮೊಬೈಲಿನಲ್ಲಿ ನನ್ನನ್ನು ಕಂಡರೆ ಕೈ ಬೀಸಿ ನಗುತ್ತಿದ್ದ ಕೂಸು, ಎದುರಿಗೆ ನಿಂತವಳನ್ನು ನೋಡಿ ಕಿಟಾರನೆ ಕಿರುಚಿ ತಾಯಿಯ ಕತ್ತು ಅಪ್ಪಿಕೊಂಡಿತು. ಮಗಳು ಫೋನು ತೆಗೆದು ನನ್ನ ಮುಖದ ಮುಂದೆ ಹಿಡಿದು, "ನೋಡು, ಇದರಲ್ಲಿ ಬರ್ತಾರಲ್ಲ, ಅದೇ ಅಜ್ಜಿ ಕಣೋ," ಎಂದಳು.

ಆ ರಾತ್ರಿ ಮಗಳ ತಲೆಗೆ ಹರಳೆಣ್ಣೆ ಹಚ್ಚುತ್ತ, "ಇನ್ನೂ ಕೋಪ ಇದೆಯಾ?" ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿಂದುಗಡೆ ಸರಿಯಾಗಿ ಹಚ್ಚಮ್ಮ," ಎಂದಳು.