ನೆಲ ಡೊಂಕು ಎಂದವರು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಬಡ್ಡಿ ಅಂಕಣದ ಬದಿಯಲ್ಲಿ ಕೇಳಿದಷ್ಟು ಈ ಗಾದೆಯನ್ನು ನಾನು ಬೇರೆಲ್ಲೂ ಕೇಳಿಲ್ಲ. ಪಂದ್ಯ ಮುಗಿದು ಸೋತ ಹುಡುಗರು ಮೊಣಕೈಯ ತರಚು ಗಾಯಕ್ಕೆ ನೀರು ಹನಿಸಿಕೊಳ್ಳುತ್ತಿರುವಾಗ ಅವರ ಪರವಾಗಿ ಯಾರೋ ಅಂಪೈರನ್ನು ಬೈಯುತ್ತಾರೆ. ಗೆದ್ದವರ ಕಡೆಯಿಂದ ಕೂಡಲೇ ಗಾದೆ ಬಂದು ಬೀಳುತ್ತದೆ. ಅಲ್ಲಿಗೆ ಮಾತು ನಿಂತುಹೋಗುತ್ತದೆ.

ಗಾದೆಯ ನೇರ ಅರ್ಥ ಎಲ್ಲರಿಗೂ ಗೊತ್ತು. ತನ್ನ ಕೈಲಾಗದ್ದಕ್ಕೆ ಹೊರಗೆ ಕಾರಣ ಹುಡುಕುವವರನ್ನು ಅದು ಚುಚ್ಚುತ್ತದೆ. ಆದರೆ ಒಂದು ಸಣ್ಣ ಕಾಲೇಜಿನ ತಂಡದ ಹಿಂದೆ ವರ್ಷವಿಡೀ ತಿರುಗಿದವರಿಗೆ ಈ ಗಾದೆ ಇಷ್ಟಕ್ಕೇ ಮುಗಿಯುವುದಿಲ್ಲ. ಅದರಲ್ಲಿ ಕುಣಿಯುವವಳಿದ್ದಾಳೆ, ನೆಲವಿದೆ. ಸುತ್ತ ನಿಂತು ನೋಡಿದವರು ಎಲ್ಲಿ? ಗಾದೆಯೊಳಗೆ ಅವರ ಸುಳಿವೇ ಇಲ್ಲ, ಗಾದೆ ಹುಟ್ಟಿದ್ದು ಮಾತ್ರ ಅವರ ಬಾಯಲ್ಲಿ. ನಾನು ಆ ನೋಡುವವರ ಗುಂಪಿನವನು. ಆದ್ದರಿಂದ ಈ ಮಾತನ್ನು ನಮ್ಮ ಕಡೆಯಿಂದ ಒಮ್ಮೆ ಓದಿ ನೋಡಬೇಕು ಅನ್ನಿಸಿದೆ.

ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನ ನಮ್ಮ ಮಾಣಿ ಎರಡು ಹೆದ್ದಾರಿ ಅಗಲುವ ಊರು. ಮಂಗಳೂರಿನಿಂದ ಬಂದ ರಸ್ತೆಯ ಒಂದು ಕವಲು ಉಪ್ಪಿನಂಗಡಿ, ಶಿರಾಡಿ ಘಾಟಿ ದಾಟಿ ಬೆಂಗಳೂರಿಗೆ ಹೋಗುತ್ತದೆ, ಇನ್ನೊಂದು ಪುತ್ತೂರು, ಸುಳ್ಯ, ಮಡಿಕೇರಿಯ ಮೇಲೆ ಮೈಸೂರಿಗೆ. ಚಳಿಗಾಲ ಶುರುವಾದರೆ ಸಾಕು, ಎರಡೂ ಕವಲಿನ ಉದ್ದಕ್ಕೂ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳ ಫ್ಲೆಕ್ಸ್ ಏಳುತ್ತವೆ. ಇಂಥ ಕಡೆ ಕೂಡುವ ನಾವು ಕೆಲವರಿದ್ದೇವೆ. ಅಡಿಕೆ ವ್ಯಾಪಾರದವರು ಒಬ್ಬರು, ರಿಕ್ಷಾ ಓಡಿಸುವವರು ಒಬ್ಬರು, ನಿವೃತ್ತ ಮೇಷ್ಟ್ರೊಬ್ಬರು, ಹಿಂದೆ ಆಡಿ ಮಂಡಿ ಹಾಳುಮಾಡಿಕೊಂಡ ಒಂದಿಬ್ಬರು. ನಮ್ಮೆಲ್ಲರ ಮನಸ್ಸು ಹತ್ತಿರದ ಒಂದು ಸಣ್ಣ ಪದವಿ ಕಾಲೇಜಿನ ತಂಡದ ಮೇಲಿದೆ. ಆ ಕಾಲೇಜಿಗೆ ಹಾಸ್ಟೆಲಿಲ್ಲ, ಒಳಾಂಗಣ ಕ್ರೀಡಾಂಗಣವಿಲ್ಲ. ಒಂದು ಮಣ್ಣಿನ ಅಂಕಣ ಇದೆ. ವಾಲಿಬಾಲ್‌ನಿಂದ ಆ್ಯತ್ಲೆಟಿಕ್ಸ್‌ವರೆಗೆ ಎಲ್ಲಕ್ಕೂ ಒಬ್ಬರೇ ದೈಹಿಕ ಶಿಕ್ಷಣ ನಿರ್ದೇಶಕರು, ನಮ್ಮ ಪಿ.ಡಿ. ಸರ್.

ಈ ವರ್ಷ ತಂಡ ಅಂತರ ಕಾಲೇಜು ಪಂದ್ಯಾಟದಲ್ಲಿ ಸೆಮಿಫೈನಲ್‌ವರೆಗೆ ಹೋಯಿತು. ಎದುರಿಗೆ ಹೆಸರಿರುವ ದೊಡ್ಡ ಕಾಲೇಜು. ಕೊನೆಯ ನಿಮಿಷಗಳವರೆಗೂ ಸಮಸಮ. ಆಗ ನಮ್ಮವರಿಗೆ ಡು ಆರ್ ಡೈ ರೈಡ್ ಬಂತು, ಅಂಕ ತರದಿದ್ದರೆ ರೈಡರ್ ಔಟ್. ಹೋದವನು ಕೊನೆಯ ವರ್ಷದ ಬಿ.ಕಾಂ. ಹುಡುಗ, ವರ್ಷವಿಡೀ ಭಾರ ಹೊತ್ತವನು. ಬಲಗಡೆಯ ಕಾರ್ನರ್‌ಗೆ ಕೈ ಬೀಸಿ ತಿರುಗುವಾಗ ಲಾಬಿಗೆ, ಅಂದರೆ ಯಾರನ್ನೂ ಮುಟ್ಟದೆ ಕಾಲಿಡಬಾರದ ಬದಿಯ ಪಟ್ಟಿಗೆ, ಹೋದ. ಔಟ್. ಎರಡು ಅಂಕದಲ್ಲಿ ಪಂದ್ಯ ಹೋಯಿತು.

ಬರುವ ದಾರಿಯಿಡೀ ನಮ್ಮದು ಒಂದೇ ರಾಗ. "ಎಂತ ಅಂಪೈರ್ ಮಾರಾಯ್ರೆ ಅದು, ಕೈ ತಾಗಿದ್ದು ನನಗೆ ಇಷ್ಟು ದೂರದಿಂದ ಕಂಡಿದೆ." ಲಾಟ್ ಎತ್ತಿದ್ದೇ ಸರಿ ಇಲ್ಲ ಎಂದರು ಒಬ್ಬರು. ಮ್ಯಾಟ್ ಜಾರುತ್ತಿತ್ತು ಎಂದರು ಇನ್ನೊಬ್ಬರು. ನಾನೂ ಒಂದೆರಡು ಸೇರಿಸಿದೆ. ಮರುದಿನ ಆ ಹುಡುಗ ಬಸ್ಸಿಗೆ ಕಾಯುತ್ತಿದ್ದಾಗ ರಿಕ್ಷಾದವರು ಅವನ ಬೆನ್ನು ತಟ್ಟಿ, ನೀನು ತಾಗಿಸಿದ್ದಿ ಅಲ್ವಾ ಎಂದರು. ಅವನು ಹೇಳಿದ್ದು ಇಷ್ಟು: "ಇಲ್ಲ ಅಣ್ಣ, ತಾಗ್ಲಿಲ್ಲ. ನಾನು ಲಾಬಿಗೆ ಹೋದದ್ದೇ."

ನೆಲ ಡೊಂಕು ಎಂದು ಕುಣಿದವನು ಹೇಳಲಿಲ್ಲ, ನಾವು ಹೇಳಿದೆವು. ಯೋಚಿಸಿದರೆ ಸಾಮಾನ್ಯವಾಗಿ ಹೀಗೇ ಇರುತ್ತದೆ. ಆಡುವವನಿಗೆ ನೆಲ ಅಂಗಾಲಿನಿಂದ ಗೊತ್ತು. ಎಲ್ಲಿ ಮಣ್ಣು ಸಡಿಲ, ಎಲ್ಲಿ ಗೆರೆಯ ಪಕ್ಕ ನೀರು ಹೆಚ್ಚು ಬಿದ್ದಿದೆ, ಮ್ಯಾಟಿನ ಯಾವ ಜೋಡಣೆ ಎದ್ದಿದೆ ಎಂಬುದನ್ನು ಅವನು ಮೊದಲ ಎರಡು ರೈಡಿನಲ್ಲೇ ಅಳೆದಿರುತ್ತಾನೆ. ಆ ಡೊಂಕನ್ನು ಲೆಕ್ಕಕ್ಕೆ ತೆಗೆದುಕೊಂಡೇ ಆಡುತ್ತಾನೆ. ನಮಗೆ ಆ ಅಂಗಾಲಿನ ಜ್ಞಾನ ಇಲ್ಲ, ಪ್ರೀತಿ ಮಾತ್ರ ಇದೆ. ಸೋಲನ್ನು ತಡೆದುಕೊಳ್ಳಲಾಗದ ಪ್ರೀತಿ ನೆಪವನ್ನು ಹುಡುಕುತ್ತದೆ.

ಆದರೆ ಎಲ್ಲ ದೂರೂ ನೆಪವಲ್ಲ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಪುರುಷರ ಫೈನಲ್, ಕಬಡ್ಡಿ ನೋಡುವವರಿಗೆಲ್ಲ ನೆನಪಿರಬೇಕು. 2023ರ ಅಕ್ಟೋಬರ್ 7. ಭಾರತ ಮತ್ತು ಇರಾನ್ 28-28ರಲ್ಲಿ ಸಮ. ಪವನ್ ಸೆಹ್ರಾವತ್ ಡು ಆರ್ ಡೈ ರೈಡಿಗೆ ಹೋಗಿ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು, ಹಿಡಿಯಲು ಬಂದ ಇರಾನಿನ ಆಟಗಾರರೂ ಹಿಂದೆಯೇ ಲಾಬಿಗೆ ನುಗ್ಗಿದರು. ಹಳೆಯ ನಿಯಮದ ಪ್ರಕಾರ ಹಾಗೆ ನುಗ್ಗಿದವರೆಲ್ಲ ಔಟ್, ಹೊಸ ನಿಯಮದ ಪ್ರಕಾರ ರೈಡರ್ ಮಾತ್ರ. ಯಾವ ನಿಯಮ ಎಂಬ ಜಗಳದಲ್ಲಿ ಆಟ ಸುಮಾರು ಒಂದು ಗಂಟೆ ನಿಂತಿತು. ಕೊನೆಗೆ ಭಾರತ 33-29ರಲ್ಲಿ ಗೆದ್ದಿತು. ಆ ದಿನ ಎರಡೂ ಕಡೆಯವರು ನೆಲದ ಬಗ್ಗೆಯೇ ವಾದಿಸುತ್ತಿದ್ದರು, ಒಂದು ಮೀಟರ್ ಅಗಲದ ಪಟ್ಟಿ ಆಟದ ಒಳಗೋ ಹೊರಗೋ ಎಂದು. ಅಲ್ಲಿ ಕುಣಿಯಲಾರದವರು ಯಾರೂ ಇರಲಿಲ್ಲ. ಎರಡು ನಿಯಮವನ್ನು ಒಟ್ಟಿಗೆ ಬದುಕಲು ಬಿಟ್ಟದ್ದರಿಂದ ನೆಲವೇ ಡೊಂಕಾಗಿತ್ತು. ಗಾದೆಯನ್ನು ಅಲ್ಲಿ ಪ್ರಯೋಗಿಸಿದ್ದರೆ ಅನ್ಯಾಯವಾಗುತ್ತಿತ್ತು.

ಅಂದರೆ ನೆಲ ನಿಜವಾಗಿ ಡೊಂಕಾಗಿರುವುದೂ ಉಂಟು. ಗಾದೆಯನ್ನು ಬೇಗ ಎಸೆದುಬಿಡುವವರು ಇದನ್ನು ನೋಡುವುದಿಲ್ಲ.

ನಮ್ಮ ಕಡೆಯ ಹುಡುಗರು ಮಣ್ಣಿನಲ್ಲಿ ಕಲಿಯುತ್ತಾರೆ. ಕೆಂಪು ಮಣ್ಣನ್ನು ಜರಡಿ ಹಿಡಿದು, ನೀರು ಚಿಮುಕಿಸಿ, ಬಡಿದು ಹದ ಮಾಡಿದ ಅಂಕಣದಲ್ಲಿ ಬರಿಗಾಲಿನಲ್ಲಿ ಆಡುವಾಗ ಕಾಲ್ಬೆರಳು ನೆಲವನ್ನು ಕಚ್ಚುತ್ತದೆ. ರೈಡರ್‌ನ ತಿರುವು, ಕಾರ್ನರ್‌ನವನು ಆಂಕಲ್ ಹಿಡಿಯಲು ಕೂರುವ ಭಂಗಿ ಎಲ್ಲವೂ ಆ ಕಚ್ಚುವಿಕೆಯ ಮೇಲೆ ನಿಂತಿವೆ. ಪಂದ್ಯ ಮ್ಯಾಟಿನ ಮೇಲೆ. ಅಲ್ಲಿ ಶೂ ಬೇಕು, ವೇಗ ಹೆಚ್ಚು, ಹೆಜ್ಜೆ ಹಿಡಿದುಕೊಂಡರೆ ಮಂಡಿ ತಿರುಚುತ್ತದೆ. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಊರಿನ ಪಂದ್ಯಾಟಗಳಲ್ಲೂ ಮ್ಯಾಟ್ ಹಾಸುತ್ತಾರೆ, ಅಭ್ಯಾಸ ಮಾತ್ರ ಈಗಲೂ ಹಲವು ಕಡೆ ಮಣ್ಣಿನಲ್ಲೇ. ಒಂದೇ ಆಟವನ್ನು ಎರಡು ಮೈಯಿಂದ ಆಡುವುದನ್ನು ಈ ಮಕ್ಕಳು ಕಲಿಯಬೇಕು.

ಆಮೇಲೆ ಮಳೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಮೀರಿ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ತಿಂಗಳುಗಳಲ್ಲಿ ಮಣ್ಣಿನ ಅಂಕಣ ಕೆಸರಿನ ಗದ್ದೆ. ಮಾಡಿನ ಕೆಳಗೆ ಮ್ಯಾಟ್ ಇರುವವರು ಆಗ ರೈಡ್ ಮಾಡುತ್ತಾರೆ, ಚೈನ್ ಹಾಕುತ್ತಾರೆ, ಬಿದ್ದು ಏಳುತ್ತಾರೆ. ನಮ್ಮ ಹುಡುಗರು ಕಾಲೇಜಿನ ವರಾಂಡದಲ್ಲಿ ಬಸ್ಕಿ ಹೊಡೆಯುತ್ತಾರೆ. ಮಳೆ ಬಿಟ್ಟ ಮೇಲೂ ಸಂಜೆ ತರಗತಿ ಮುಗಿದರೆ ಬಸ್ಸಿನ ಚಿಂತೆ. ಕಲ್ಲಡ್ಕ, ವಿಟ್ಲ, ನೇರಳಕಟ್ಟೆಯ ಕಡೆಗೆ ಹೋಗುವವರು ಹೊರಟರೆಂದರೆ ಅಂಕಣದಲ್ಲಿ ಏಳು ಜನ ಉಳಿಯುವುದೂ ಕಷ್ಟ. ಏಳು ಜನರ ಆಟಕ್ಕೆ ಎದುರು ಏಳು ಜನ ಇಲ್ಲದೆ ಅಭ್ಯಾಸ ಹೇಗೆ? ಈ ವರ್ಷದ ತಂಡ ಅರ್ಧ ಅಭ್ಯಾಸವನ್ನು ನಾಲ್ಕು ಜನರ ಎದುರು ಮೂರು ಜನ ನಿಂತು ಮಾಡಿದೆ. ಮೂರು ಜನ ಉಳಿದಾಗ ಹಿಡಿದರೆ ಸಿಗುವ ಸೂಪರ್ ಟ್ಯಾಕಲ್‌ನಲ್ಲಿ ಅವರು ಅಷ್ಟು ಪಳಗಿದ್ದರ ಗುಟ್ಟು ಅದೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಕೊರತೆಯೇ ಅವರಿಗೆ ಕಲಿಸಿತು.

ದೊಡ್ಡ ಸಂಸ್ಥೆಗಳನ್ನು ಇದಕ್ಕಾಗಿ ದೂರುವಂತಿಲ್ಲ. ಉಜಿರೆಯ ಎಸ್‌ಡಿಎಂ ಕಾಲೇಜು 1966ರಿಂದ ನಡೆದುಬಂದದ್ದು, ವಾಲಿಬಾಲ್‌ಗೆ ಅಲ್ಲಿಯ ಹೆಸರು ಎಲ್ಲರೂ ಬಲ್ಲರು. ಮೂಡುಬಿದಿರೆಯಲ್ಲಿ ಡಾ. ಎಂ. ಮೋಹನ ಆಳ್ವರ ಸಂಸ್ಥೆ ಕ್ರೀಡಾಪಟುಗಳನ್ನು ಹುಡುಕಿ, ಇಟ್ಟುಕೊಂಡು, ಓದಿಸಿದೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಆ್ಯತ್ಲೆಟಿಕ್ ಕೂಟ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ನಡೆದಾಗ ನಮ್ಮ ಜಿಲ್ಲೆಗೆ ಸಿಕ್ಕಿದ ಗೌರವ ಸಣ್ಣದಲ್ಲ. ಪಿಯುಸಿ ಮುಗಿಸಿದ ನಮ್ಮೂರ ಒಳ್ಳೆಯ ರೈಡರ್ ಇಂಥ ಕಡೆ ಹೋದರೆ ನಮಗೆ ಬೇಸರವಾಗುತ್ತದೆ, ಆಮೇಲೆ ಅವನ ಪಂದ್ಯ ನೋಡಲೂ ಹೋಗುತ್ತೇವೆ. ಯಾರೋ ಹತ್ತಾರು ವರ್ಷ ನೆಲ ಸಮ ಮಾಡಿದ್ದರಿಂದ ಅಲ್ಲಿಯ ಮಕ್ಕಳು ಚೆನ್ನಾಗಿ ಕುಣಿಯುತ್ತಿದ್ದಾರೆ.

ಇಲ್ಲಿ ಗಾದೆ ನಮ್ಮ ಕಡೆಗೆ ತಿರುಗುತ್ತದೆ. ನೆಲ ಡೊಂಕು ಎಂಬ ಮಾತು ಆಡುವವನ ಬಾಯಲ್ಲಿ ನೆಪ. ನೋಡುವವರ ಬಾಯಲ್ಲಿ ಅದು ಕೆಲಸದ ಪಟ್ಟಿ ಆಗಬೇಕಿತ್ತು. ಹುಡುಗನ ಕಾಲು ಲಾಬಿಗೆ ಹೋದದ್ದಕ್ಕೆ ನಾವು ಅಂಪೈರನ್ನು ಹುಡುಕುತ್ತ ಕೂತೆವು. ಅವನು ನಾಲ್ಕು ತಿಂಗಳು ವರಾಂಡದಲ್ಲಿ ಬಸ್ಕಿ ಹೊಡೆದದ್ದು ನಮಗೆ ಗೊತ್ತಿತ್ತು, ಅದನ್ನು ಯಾರೂ ಎತ್ತಲಿಲ್ಲ.

ಗಾದೆಯಲ್ಲಿ ಕುಣಿಯುವವಳು ಹೆಂಗಸು ಎಂಬುದನ್ನೂ ದಾಟಿ ಹೋಗಲಾಗದು. ಅದರ ಹಳೆಯ ಒಂದು ರೂಪ ಅವಳನ್ನು ಇನ್ನೂ ಕೀಳಾದ ಹೆಸರಿನಿಂದ ಕರೆಯುತ್ತದೆ. ಪುರುಷರ ಕಬಡ್ಡಿ ಏಷ್ಯನ್ ಗೇಮ್ಸ್‌ಗೆ ಸೇರಿದ್ದು 1990ರಲ್ಲಿ, ಬೀಜಿಂಗ್‌ನಲ್ಲಿ. ಮಹಿಳೆಯರ ಕಬಡ್ಡಿ ಸೇರಿದ್ದು 2010ರಲ್ಲಿ, ಗುವಾಂಗ್‌ಝೌನಲ್ಲಿ. ಇಪ್ಪತ್ತು ವರ್ಷ ಅವರಿಗೆ ಕುಣಿಯಲು ಆ ನೆಲವೇ ಇರಲಿಲ್ಲ. ನೆಲ ಸಿಕ್ಕಿದ ಮೊದಲ ಸಲವೇ ಚಿನ್ನ ತಂದ ತಂಡದಲ್ಲಿ ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಇದ್ದರು. 2012ರಲ್ಲಿ ಪಾಟ್ನಾದಲ್ಲಿ ಭಾರತ ಮಹಿಳಾ ವಿಶ್ವಕಪ್ ಗೆದ್ದಾಗ ಅವರೇ ನಾಯಕಿ. 2014ರಲ್ಲಿ ಮತ್ತೆ ಏಷ್ಯನ್ ಗೇಮ್ಸ್ ಚಿನ್ನ, ಅದೇ ವರ್ಷದ ಅರ್ಜುನ ಪ್ರಶಸ್ತಿ. ಕೃಷಿಕರ ಮನೆಯ, ಹಳ್ಳಿ ಶಾಲೆಯ ಹುಡುಗಿ. ನಮ್ಮ ಕಾಲೇಜಿನ ಹುಡುಗಿಯರ ತಂಡ ಈ ವರ್ಷ ಮೊದಲ ಸುತ್ತಿನಲ್ಲೇ ಸೋತಿತು. ಅವರ ಬಗ್ಗೆ ನಮ್ಮ ಕಟ್ಟೆಯಲ್ಲಿ ಮಾತೇ ಆಗಲಿಲ್ಲ, ನೆಪ ಹೇಳುವಷ್ಟು ಪ್ರೀತಿಯನ್ನೂ ನಾವು ಅವರಿಗೆ ಕೊಡಲಿಲ್ಲ. ಇದು ನನಗೆ ಸೆಮಿಫೈನಲ್ ಸೋಲಿಗಿಂತ ಹೆಚ್ಚು ನೋಯಿಸುತ್ತದೆ. ಆ ತಂಡದ ಲೆಫ್ಟ್ ಕಾರ್ನರ್ ಹುಡುಗಿ ಎದುರಾಳಿಯ ಅತ್ಯುತ್ತಮ ರೈಡರ್‌ನ ಕಾಲನ್ನು ಮತ್ತೆ ಮತ್ತೆ ಹಿಡಿದು ಕೂರಿಸಿದ್ದನ್ನು ನೋಡಿದವರು ಅಂಕಣದ ಬದಿಯಲ್ಲಿದ್ದ ಹತ್ತು ಜನ ಮಾತ್ರ.

ಸೋಲು ಚಿನ್ನ ತಂದ ತಂಡಕ್ಕೂ ಬರುತ್ತದೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ವನಿತೆಯರು ಫೈನಲ್‌ನಲ್ಲಿ ಇರಾನಿಗೆ 24-27ರಲ್ಲಿ ಸೋತರು. ಇರಾನ್ ವನಿತೆಯರಿಗೆ ಕಲಿಸಿದವರು ನಾಸಿಕದ ಶೈಲಜಾ ಜೈನ್. ಅಲ್ಲೂ ಕುಣಿತ ಕಲಿಸಿದವರು ನಮ್ಮವರೇ.

ಸೋಲನ್ನು ಹೊರುವ ರೀತಿಯನ್ನು ಮಾತ್ರ ನಾವು ಆಟಗಾರರಿಂದಲೇ ಕಲಿಯಬೇಕು. ಪುತ್ತೂರಿನ ಪ್ರಶಾಂತ್ ಕುಮಾರ್ ರೈ ಪಾಟ್ನಾ ಪೈರೇಟ್ಸ್‌ನ ನಾಯಕರಾಗಿ ಪ್ರೊ ಕಬಡ್ಡಿಯ ಎಂಟನೇ ಆವೃತ್ತಿಯ ಫೈನಲ್‌ವರೆಗೆ ತಂಡವನ್ನು ಒಯ್ದರು. 2022ರ ಫೆಬ್ರವರಿಯಲ್ಲಿ ದಬಂಗ್ ಡೆಲ್ಲಿ ಎದುರು 36-37, ಒಂದೇ ಅಂಕ. ಕೊರೋನಾದಿಂದಾಗಿ ಆ ಆವೃತ್ತಿಯ ಪಂದ್ಯಗಳೆಲ್ಲ ಬೆಂಗಳೂರಿನ ಒಂದು ಹೋಟೆಲಿನಲ್ಲಿ ನೋಡುಗರಿಲ್ಲದೆ ನಡೆದವು. ಬೈಯಲು, ಸಮಾಧಾನ ಹೇಳಲು, ಅಂಪೈರನ್ನು ದೂರಲು ಬದಿಯಲ್ಲಿ ಯಾರೂ ಇರಲಿಲ್ಲ. ಆಗಲೂ ಆಟಗಾರರು ಒಂದೊಂದು ಅಂಕಕ್ಕೆ ಅಷ್ಟೇ ಜೀವ ತೇಯ್ದರು. ಆ ಫೈನಲನ್ನು ಟಿವಿಯಲ್ಲಿ ನೋಡಿದ ದಿನದಿಂದ, ನಾವಿಲ್ಲದಿದ್ದರೆ ಆಟವೇ ಇಲ್ಲ ಎಂಬ ಭ್ರಮೆ ನನಗೆ ಹೋಗಿದೆ. ಆಟಕ್ಕೆ ಚಪ್ಪಾಳೆಗಿಂತ ಮೊದಲು ನೆಲ ಬೇಕು.

ನಮ್ಮ ತಂಡದಿಂದ ಈ ವರ್ಷ ಮೂವರು ಹೋಗುತ್ತಾರೆ. ಲಾಬಿಗೆ ಕಾಲಿಟ್ಟ ರೈಡರ್, ರೈಟ್ ಕವರ್, ಮತ್ತು ಹೆಚ್ಚು ಪಂದ್ಯ ಬೆಂಚಿನಲ್ಲೇ ಕೂತು ನೀರಿನ ಬಾಟಲಿ ಹಿಡಿದುಕೊಂಡಿದ್ದ ಹುಡುಗ. ಈ ಮೂರನೆಯವನನ್ನು ನಾನು ಬಹಳ ಗಮನಿಸಿದ್ದೇನೆ. ಮೂರು ವರ್ಷ ಒಂದು ಅಭ್ಯಾಸವನ್ನೂ ತಪ್ಪಿಸಲಿಲ್ಲ. ಎದುರಿಗೆ ನಿಲ್ಲಲು ಅವನಿದ್ದ ಕಾರಣಕ್ಕೇ ಉಳಿದವರಿಗೆ ಅಭ್ಯಾಸವಾಯಿತು. ಬಂಟ್ವಾಳದ ಯಾವ ಪಂದ್ಯಾಟದಲ್ಲೂ ಅವನಿಗೊಂದು ಟ್ರೋಫಿ ಇಲ್ಲ, ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್ ಇಬ್ಬರಿಗೇ ಅದು ಮುಗಿದುಹೋಗುತ್ತದೆ. ತಂಡಕ್ಕೆ ನೆಲವಾಗಿ ನಿಂತವನು ಅವನು ಎನ್ನುವುದು ನನ್ನ ಅಭಿಪ್ರಾಯ. ಮೇಷ್ಟ್ರು ಇದನ್ನು ಒಪ್ಪಿ, ಬೀಳ್ಕೊಡುಗೆಯ ದಿನ ಶಾಲು ಹಾಕುವುದಾದರೆ ಅವನಿಗೇ ಮೊದಲು ಎಂದಿದ್ದಾರೆ.

ಈಗ ಕಟ್ಟೆಯಲ್ಲಿ ಅಂಪೈರನ ಮಾತು ಕಡಿಮೆಯಾಗಿದೆ. ಅಂಕಣದ ಮೇಲೆ ಶೀಟು ಹಾಕಿಸುವ ಮಾತು ನಡೆದಿದೆ. ಅಂಕಣವೇ 13 ಮೀಟರ್ ಉದ್ದ, 10 ಮೀಟರ್ ಅಗಲ. ಸುತ್ತ ಜಾಗ ಬಿಟ್ಟರೆ ಮಾಡು ಇನ್ನೂ ದೊಡ್ಡದಾಗಬೇಕು. ಅಡಿಕೆಯವರು ತಮ್ಮ ಅಂಗಳದಿಂದ ತೆಗೆದಿಟ್ಟ ಹಳೆಯ ಕಬ್ಬಿಣದ ಕಂಬಗಳನ್ನು ಕೊಡುತ್ತೇನೆ ಎಂದಿದ್ದಾರೆ. ಸಂಜೆಯ ಬಸ್ಸು ತಪ್ಪಿದ ಹುಡುಗಿಯರನ್ನು ಮನೆಗೆ ಬಿಡಲು ರಿಕ್ಷಾದವರು ವಾರಕ್ಕೆ ಎರಡು ದಿನ ಒಪ್ಪಿದ್ದಾರೆ, ಅವರ ಮನೆಯವರ ಹತ್ತಿರ ಮಾತಾಡಲು ಮೇಷ್ಟ್ರು ಹೋಗುತ್ತಾರೆ. ಹುಡುಗಿಯರ ಅಭ್ಯಾಸ ಮೊದಲೋ ಹುಡುಗರದ್ದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಕಂಬ ಹತ್ತು ಅಡಿ ಸಾಲದು, ಹದಿನಾಲ್ಕಾದರೂ ಬೇಕು, ಇಲ್ಲದಿದ್ದರೆ ಒಳಗೆ ಸೆಕೆ ತಡೆಯುವುದಿಲ್ಲ ಎಂದು ಪಿ.ಡಿ. ಸರ್ ಹೇಳಿಕಳಿಸಿದ್ದಾರೆ. ಉಳಿದ ನಾಲ್ಕು ಅಡಿಗೆ ಕಬ್ಬಿಣ ಜೋಡಿಸಿ ಬೆಸುಗೆ ಹಾಕಲು ಎಷ್ಟಾಗುತ್ತದೆ ಎಂದು ಕೇಳಿ ಬರುವ ಕೆಲಸ ನನ್ನ ಪಾಲಿಗೆ ಬಂದಿದೆ. ಮಳೆ ಹಿಡಿಯುವ ಮೊದಲು ಅದು ಆಗಬೇಕು.