ಬಚ್ಚಲ ನೀರಿನ ಸುಗಂಧಿ

ಶ್ರಾವಣದಲ್ಲಿ ಪುಣೆಯ ಹೂವಿನವರ ಬುಟ್ಟಿಗಳಲ್ಲಿ ಬೆಳ್ಳಗಿನ ಸೋನಟಕ್ಕಾ ಬಂದು ಕೂರುತ್ತದೆ. ನಮ್ಮ ಮಲೆನಾಡಿನ ಸುರುಳಿ ಸುಗಂಧಿಯೇ ಅದು. ಶುಂಠಿಯ ವಂಶದ ಈ ಗಿಡ ಆಳೆತ್ತರ ಬೆಳೆಯುತ್ತದೆ. ಕಾಂಡವೆಂದು ಕಾಣುವುದು ಒಂದರೊಳಗೊಂದು ಸುತ್ತಿಕೊಂಡ ಎಲೆಯ ಬುಡಗಳು. ನಿಜವಾದ ಕಾಂಡ ಮಣ್ಣೊಳಗಿನ ಗೆಡ್ಡೆ. ಮೂಲದಲ್ಲಿ ಪೂರ್ವ ಹಿಮಾಲಯದ ಜೌಗಿನದು. ಸಂಜೆ ಅರಳಿ, ಕತ್ತಲಾದ ಮೇಲೆ ಉದ್ದ ಸೊಂಡಿಲಿನ ಪತಂಗಗಳನ್ನು ಪರಿಮಳದಿಂದಲೇ ಕರೆಯುತ್ತದೆ.

ಕರ್ನಾಟಕದಿಂದ ಬಂದು ಪುಣೆಯ ಕೋಥರೂಡಿನಲ್ಲೋ ಏರಂಡವಣೆಯಲ್ಲೋ ನೆಲೆಸಿದವರಿಗೆ ಊರ ಹಿತ್ತಿಲಿನ ಈ ಗಿಡವನ್ನು ಬಾಲ್ಕನಿಯಲ್ಲೂ ಬೆಳೆಸುವ ಆಸೆ ಸಹಜ. ಆದರೆ ಇದು ಮಳೆನೆರಳಿನ ಊರು. ಘಟ್ಟದಂಚಿನ ಲೋಣಾವಳದಲ್ಲಿ ವರ್ಷಕ್ಕೆ 4,000 ಮಿ.ಮೀ.ನಷ್ಟು ಸುರಿಯುವ ಮಳೆ, ಅಲ್ಲಿಂದ ಸುಮಾರು 65 ಕಿ.ಮೀ. ದೂರದ ಪುಣೆಗೆ ಬರುವಷ್ಟರಲ್ಲಿ 700ರ ಆಸುಪಾಸಿಗೆ ಇಳಿದಿರುತ್ತದೆ. ಖಡಕ್‌ವಾಸ್ಲಾ, ಪಾನ್‌ಶೇತ್ ಅಣೆಕಟ್ಟುಗಳ ನೀರನ್ನು ನಂಬಿದ ನಗರವಿದು. ಬೇಸಿಗೆಯಲ್ಲಿ ಎಷ್ಟೋ ವಸತಿ ಸಂಕೀರ್ಣಗಳ ಮುಂದೆ ಟ್ಯಾಂಕರ್ ನಿಂತಿರುತ್ತದೆ. ಇಂಥಲ್ಲಿ ಬಾಯಾರಿದ ಗಿಡವೊಂದನ್ನು ಸಾಕುವುದು ಸರಿಯೇ?

ಸರಿ, ಎಂದೇ ನನ್ನ ಅಭಿಪ್ರಾಯ. ಉತ್ತರವನ್ನು ನಮ್ಮ ಅಜ್ಜಿಯಂದಿರು ಎಂದೋ ಕೊಟ್ಟಿದ್ದಾರೆ. ಸುಗಂಧಿಗೆಂದು ಅವರು ಬೇರೆ ನೀರು ಸೇದಲಿಲ್ಲ. ಬಚ್ಚಲ ನೀರು ಹರಿದುಹೋಗುವಲ್ಲಿ ಗೆಡ್ಡೆ ಊರಿದರು, ಅಷ್ಟೇ. ಫ್ಲ್ಯಾಟಿನಲ್ಲೂ ಅಂಥ ನೀರಿದೆ. ಅಕ್ಕಿ ತೊಳೆದದ್ದು, ಸೊಪ್ಪು ತರಕಾರಿ ತೊಳೆದದ್ದು, ಎ.ಸಿ.ಯಿಂದ ತೊಟ್ಟಿಕ್ಕಿದ್ದು. ಆರ್‌.ಒ. ಯಂತ್ರ ಹೊರಗೆ ಬಿಡುವ ನೀರನ್ನು ಮಾತ್ರ ಕುಂಡಕ್ಕೆ ದಿನವೂ ಸುರಿಯಬಾರದು. ಅದರ ಉಪ್ಪು ಮಣ್ಣಲ್ಲಿ ಕೂತು ಎಲೆಯ ತುದಿ ಕರಕಾಗುತ್ತದೆ.

ಕುಂಡ ಆಳಕ್ಕಿಂತ ಅಗಲವಾಗಿರಲಿ, ಏಕೆಂದರೆ ಗೆಡ್ಡೆ ಪಕ್ಕಕ್ಕೆ ಹಬ್ಬುತ್ತದೆ. ಇಲ್ಲಿನ ಕಪ್ಪುಮಣ್ಣು ಒಣಗಿದರೆ ಕಲ್ಲು. ಎಲೆಗೊಬ್ಬರ ಧಾರಾಳವಾಗಿ ಬೆರೆಸಬೇಕು. ಮೃಗಶಿರಾ ಮಳೆಗೆ ಮುಂಚೆ ಕಣ್ಣಿರುವ ತುಂಡನ್ನು ಎರಡು ಬೆರಳು ಮಣ್ಣು ಮುಚ್ಚುವಂತೆ ನೆಡಿ. ಬೆಳಗಿನ ಬಿಸಿಲು ಸಾಕು, ಏಪ್ರಿಲ್‌ನ ಮಧ್ಯಾಹ್ನದ ಒಣಬಿಸಿಲು ತಾಗದಿರಲಿ. ಒಮ್ಮೆ ಹೂ ಬಿಟ್ಟ ದಂಟು ಮತ್ತೆ ಬಿಡದು. ಬುಡಕ್ಕೇ ಕತ್ತರಿಸಿದರೆ ಹೊಸ ಮೊಳಕೆಗೆ ಜಾಗವಾಗುತ್ತದೆ.

ನರ್ಸರಿಗಳಲ್ಲಿ ಈಗ ಟಾರ್ಚ್ ಜಿಂಜರ್ ಕೇಳುವವರಿದ್ದಾರೆ. ಮಲೇಷ್ಯಾ, ಇಂಡೋನೇಷ್ಯಾ ಕಡೆಯ, 15 ಅಡಿ ಎತ್ತರಕ್ಕೂ ಹೋಗಬಲ್ಲ ಕೆಂಪು ಹೂವಿನ ಗಿಡ. ಚೆಲುವೇನೋ ಹೌದು. ಆದರೆ ವರ್ಷವಿಡೀ ತೇವ ತುಂಬಿದ ಗಾಳಿ ಬೇಡುವ ಅದನ್ನು, ಚಳಿಗಾಲದ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವ ಊರಿನಲ್ಲಿ ನೆಟ್ಟು ನರಳಿಸುವುದು ಬೇಡ.

ಸುಗಂಧಿ ಹಾಗಲ್ಲ, ಬರಗಾಲದಲ್ಲಿ ಹಿಂದೆ ಸರಿಯಲು ಬಲ್ಲದು. ಡಿಸೆಂಬರಿನಲ್ಲಿ ಎಲೆ ಹಳದಿಯಾದಾಗ ಗಾಬರಿಬಿದ್ದು ನೀರು ಹೆಚ್ಚಿಸುವವರು ಗೆಡ್ಡೆಯನ್ನು ಕೊಳೆಸುತ್ತಾರೆ. ಮಹಾಬಳೇಶ್ವರದ ಕಲ್ಲುಹಾಸಿನ ಮೇಲೆ ಇದರದೇ ಬಳಗದ ಚವರ್ ಇದೆ. ಮಳೆಯಲ್ಲಿ ಚಿಗುರಿ ಹೂಬಿಟ್ಟು, ಉಳಿದ ತಿಂಗಳುಗಳನ್ನು ನೆಲದಡಿ ಕಳೆಯುತ್ತದೆ. ನಿಮ್ಮ ಕುಂಡದ ಗೆಡ್ಡೆಗೂ ಚಳಿಗಾಲದಲ್ಲಿ ಮಣ್ಣು ಪೂರ್ತಿ ಒಣಗದಷ್ಟು ನೀರಿದ್ದರೆ ಸಾಕು. ಹೆಚ್ಚಾದ ಗೆಡ್ಡೆಯನ್ನು ನೆರೆಯವರಿಗೆ ಕೊಡಿ, ಹಳ್ಳಕ್ಕೆ ಮಾತ್ರ ಎಸೆಯಬೇಡಿ. ಹವಾಯಿಯಲ್ಲಿ, ಬ್ರೆಜಿಲ್‌ನಲ್ಲಿ ಇದೇ ಗಿಡ ತೊರೆಯ ದಂಡೆಗಳನ್ನು ಆಕ್ರಮಿಸಿ ಅಲ್ಲಿನ ಸಸ್ಯಗಳ ಜಾಗ ಕಸಿದುಕೊಂಡಿದೆ.